ಕೊಸರು ಕೇಳಿ ಕಟ್ಟಿಸಿದ ವೆಬ್‌ಸೈಟು

ನಮ್ಮ ಸೀರೆಯ ವೆಬ್‌ಸೈಟಿಗೆ ಎಷ್ಟು ಖರ್ಚಾಯಿತು ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಮೂವರೂ ಮೂರು ಉತ್ತರ ಕೊಡುತ್ತೇವೆ. ಯಜಮಾನರು ರೂಪಾಯಿಯ ಲೆಕ್ಕ ಹೇಳುತ್ತಾರೆ. ಅತ್ತೆ ಹಾಸಿನ ಲೆಕ್ಕ ಹೇಳುತ್ತಾರೆ, ಅಂದರೆ ಅಷ್ಟು ದುಡ್ಡಿಗೆ ಮಗ್ಗಕ್ಕೆ ಎಷ್ಟು ಸಲ ಹೊಸ ನೂಲು ಏರಿಸಬಹುದಿತ್ತು ಎಂದು. ನಾನು ಮಾತ್ರ ‘ಆಯ್ತು ಒಂದಷ್ಟು’ ಎಂದು ನಕ್ಕು, ಕೇಳಿದವರ ಕೈಗೆ ಫೋನು ಕೊಟ್ಟು, ಮೊದಲು ನೋಡಿ ಎನ್ನುತ್ತೇನೆ. ನೋಡುತ್ತಾ ನೋಡುತ್ತಾ ಅವರು ಖರ್ಚಿನ ಮಾತು ಬಿಟ್ಟು ಸೀರೆಯ ಮಾತಿಗೆ ಬಂದರೆ ನನಗೆ ಒಳಗೊಳಗೇ ಹೆಮ್ಮೆ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಹಿತ್ತಲ ಕಡೆಯ ಉದ್ದನೆಯ ಕೋಣೆಯಲ್ಲಿ ಎರಡು ಮಗ್ಗಗಳಿವೆ. ಒಂದರಲ್ಲಿ ಯಜಮಾನರೇ ಕೂರುತ್ತಾರೆ, ಇನ್ನೊಂದರಲ್ಲಿ ಪಕ್ಕದ ಬೀದಿಯ ನೇಕಾರರೊಬ್ಬರು. ನೇಯ್ದದ್ದನ್ನು ಮಾರುವುದು ಬೀದಿ ಕಡೆಯ ಪಡಸಾಲೆಯಲ್ಲಿ. ಬೋರ್ಡಿಲ್ಲ, ಗಾಜಿನ ಕಪಾಟಿಲ್ಲ. ನೆಲದ ಮೇಲೆ ಹಾಸಿಗೆ, ಅದಕ್ಕೆ ಒಗೆದು ಗಂಜಿ ಹಾಕಿದ ಬಿಳಿ ಬಟ್ಟೆ, ಗೋಡೆಯಲ್ಲಿ ಮರದ ಬೀರು, ಅಷ್ಟೇ. ಮದುವೆ ಗೊತ್ತಾದ ಮನೆಯವರು ಜವಳಿ ತೆಗೆಯಲು ಹನೂರು ಕಡೆಯಿಂದ, ಮಧುವನಹಳ್ಳಿಯಿಂದ, ಕೆಲವೊಮ್ಮೆ ಗಡಿಯಾಚೆಯ ತಮಿಳು ಊರುಗಳಿಂದಲೂ ಬರುತ್ತಾರೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಸೇರಿ ಹಾಸಿಗೆ ತುಂಬಿ ಹೋಗುತ್ತದೆ. ಅವರೆಲ್ಲರ ನಡುವೆ ಕಾಲು ಮಡಿಸಿ ಕೂತವರು ನಮ್ಮತ್ತೆ.

ಅತ್ತೆಗೆ ಬಣ್ಣದ ಕಣ್ಣಿದೆ. ಮಗ್ಗಕ್ಕೆ ಏರಿಸುವ ನೂಲಿನ ಬಣ್ಣ ಗೊತ್ತು ಮಾಡುವುದು ಮೊದಲಿನಿಂದಲೂ ಅವರೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅವರು ಹುಣಸೆ ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಿದ್ದನ್ನು ನೋಡಿ ದೇವಸ್ಥಾನಕ್ಕೇನೋ ಅಂದುಕೊಂಡಿದ್ದೆ. ಹೋಗಿದ್ದು ನೂಲಿಗೆ ಬಣ್ಣ ಹಾಕುವವರ ಮನೆಗೆ. ಹೂವನ್ನು ಅವರ ಮುಂದೆ ಬಿಚ್ಚಿಟ್ಟು, ಈ ಹಳದಿಯೇ ಬೇಕು, ಅಂಚು ಈ ಗೆರೆಯ ಕೆಂಪೇ ಆಗಬೇಕು ಎಂದು ಕೂತರಂತೆ. ಆ ಸೀರೆ ಉಟ್ಟ ಮದುಮಗಳ ಫೋಟೊ ಈಗಲೂ ನಮ್ಮ ಪಡಸಾಲೆಯಲ್ಲಿದೆ.

ಎರಡು ವರ್ಷದಿಂದ ಅತ್ತೆಗೆ ಮಂಡಿ ನೋವು. ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ. ಗಿರಾಕಿಗಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂರಲು ಅವರಿಗೆ ಮನಸ್ಸಿಲ್ಲ; ಜನ ಕೆಳಗೆ, ನಾನು ಮೇಲೆ, ಅದೇನು ಚೆಂದ ಎನ್ನುತ್ತಿದ್ದರು. ನಾನು ಕೂತು ತೋರಿಸಿದರೆ ಜನ ಮರ್ಯಾದೆಗೆ ನೋಡಿ, ‘ಅಜ್ಜಿ ಇಲ್ವಾ?’ ಎಂದು ಕೇಳಿ, ಕಾಫಿ ಕುಡಿದು ಏಳುತ್ತಿದ್ದರು. ಬೀರು ತುಂಬುತ್ತಾ ಬಂತು.

ಅದೇ ಹೊತ್ತಿಗೆ, ದೊಡ್ಡ ಅಂಗಡಿಗಳಿಗೆ ಮಾಲು ಒದಗಿಸುವ ಏಜೆಂಟರೊಬ್ಬರು ಬಂದು ಯಜಮಾನರ ಹತ್ತಿರ ಮಾತಾಡಿದರು. ರೇಷ್ಮೆ ಅವರದು, ಜರಿ ಅವರದು, ಬಣ್ಣ ಮತ್ತು ಅಂಚು ಅವರು ಹೇಳಿದ್ದು. ನಾವು ನೇಯ್ದು ಕೊಟ್ಟರೆ ಸೀರೆಗಿಷ್ಟು ಕೂಲಿ. ಮಾರುವ ಚಿಂತೆ ಇಲ್ಲ, ತಿಂಗಳಾದರೆ ದುಡ್ಡು. ಯಜಮಾನರು ಯೋಚಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಇನ್ನೊಂದು ಮಗ್ಗದ ನೇಕಾರರ ಸಂಸಾರವೂ ಅದರ ಮೇಲೆಯೇ ನಡೆಯಬೇಕು. ಈ ಸಲದ ಲಗ್ನದ ಕಾಲ ಮುಗಿಯಲಿ, ಬೀರು ಖಾಲಿಯಾಗದಿದ್ದರೆ ಒಪ್ಪಿಕೊಳ್ಳೋಣ ಎಂದು ಅವರು ತಾಯಿಗೆ ಹೇಳಿದರು. ಅತ್ತೆ ಹೂಂ ಎಂದರು. ಆ ಸಂಜೆ ಬೀರಿನಿಂದ ಸೀರೆಗಳನ್ನೆಲ್ಲ ತೆಗೆದು, ಸರಿಯಾಗಿಯೇ ಇದ್ದ ಮಡಿಕೆಗಳನ್ನು ಬಿಚ್ಚಿ, ಮತ್ತೆ ಮಡಿಸಿಟ್ಟರು. ಮರುದಿನವೂ ಹಾಗೇ ಮಾಡಿದರು. ಕೂಲಿಗೆ ನೇಯ್ದರೂ ಮಗ್ಗ ಮನೆಯಲ್ಲೇ ಇರುತ್ತಿತ್ತು, ಲಾಳಿಯ ಸದ್ದೂ ಇರುತ್ತಿತ್ತು. ಅತ್ತೆಯ ಬಣ್ಣ ಮಾತ್ರ ಇರುತ್ತಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಆ ಓದು ಈ ಮನೆಯಲ್ಲಿ ಕರೆಂಟು ಬಿಲ್ಲು ಓದುವುದಕ್ಕೆ, ಸಂಜೆ ಬೀದಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವುದಕ್ಕೆ ಉಪಯೋಗವಾಗಿತ್ತು. ಪಾಠದ ದುಡ್ಡು ಪೋಸ್ಟಾಫೀಸಿನಲ್ಲಿತ್ತು. ಅದನ್ನು ತೆಗೆದು ವೆಬ್‌ಸೈಟು ಮಾಡಿಸೋಣ, ಸೀರೆಗಳನ್ನು ಅದರಲ್ಲಿ ಮಾರೋಣ ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ಯಜಮಾನರು ತಟ್ಟೆಯಿಂದ ತಲೆ ಎತ್ತಿ, ‘ನಿನ್ ದುಡ್ಡು, ನಿನ್ನಿಷ್ಟ’ ಎಂದರು. ಅತ್ತೆ ಮಾತ್ರ, ದುಡ್ಡು ಕೊಡುವ ಮೊದಲು ಮಾಡಿಕೊಡುವವರ ಮುಖ ನೋಡಬೇಕು, ನಾನೂ ಬರುತ್ತೇನೆ ಎಂದರು.

ಹಾಗೆ ನಾವು ಅತ್ತೆ ಸೊಸೆ ಯಳಂದೂರಿಗೆ ಬಸ್ಸು ಹತ್ತಿದೆವು. ಅಲ್ಲಿ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ವೆಬ್‌ಸೈಟು ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ ಎಂದು ನನ್ನ ಪಾಠಕ್ಕೆ ಬರುವ ಮಗುವಿನ ತಾಯಿ ಹೇಳಿದ್ದರು. ಮೈಸೂರಿನ ಕಂಪನಿಯಲ್ಲಿದ್ದವಳು, ಮಗುವಾದ ಮೇಲೆ ಊರಿಗೆ ಬಂದು ತನ್ನದೇ ಆಫೀಸು ಮಾಡಿಕೊಂಡಿದ್ದಳು. ಎರಡು ಕಂಪ್ಯೂಟರ್, ಕಿಟಕಿಯ ಸರಳಿನ ಮೇಲೆ ಒಣಗಲು ಹಾಕಿದ ಪುಟ್ಟ ಕಾಲುಚೀಲಗಳು. ಅತ್ತೆ ಮೆಟ್ಟಿಲು ಹತ್ತಿದ ಆಯಾಸಕ್ಕೆ ನೀರು ಕುಡಿದು, ಕಾಲುಚೀಲ ನೋಡಿ, ಮಗುವಿನ ವಯಸ್ಸು ಕೇಳಿ, ಆಮೇಲೆ ವ್ಯವಹಾರಕ್ಕೆ ಬಂದರು.

ಆ ಹುಡುಗಿ ನಿಧಾನವಾಗಿ ವಿವರಿಸಿದಳು. ಹೆಸರು, ವಿಳಾಸ, ನಾಲ್ಕು ಫೋಟೊ ಇರುವ ಸಾದಾ ಸೈಟಿಗೆ ಇಪ್ಪತ್ತೈದು ಸಾವಿರ. ಗಿರಾಕಿ ಸೀರೆ ಆರಿಸಿ ಬುಟ್ಟಿಗೆ ಹಾಕಿಕೊಳ್ಳಬೇಕು, ಅಲ್ಲೇ ದುಡ್ಡು ಕಟ್ಟಬೇಕು, ಕನ್ನಡ ತಮಿಳು ಎರಡರಲ್ಲೂ ಓದಬೇಕು, ಬೇಕೆಂದರೆ ವಿಡಿಯೊದಲ್ಲಿ ನಮ್ಮ ಜೊತೆ ಮಾತಾಡಬೇಕು ಎಂದರೆ ಒಂದೊಂದು ಸೌಲಭ್ಯಕ್ಕೂ ಒಂದೊಂದು ರೇಟು, ಒಟ್ಟು ಎಂಬತ್ತು ಸಾವಿರ. ಅದರ ಮೇಲೆ ಇಂಟರ್ನೆಟ್ಟಿನಲ್ಲಿ ಜಾಗ ಇಟ್ಟುಕೊಳ್ಳುವುದಕ್ಕೆ ವರ್ಷ ವರ್ಷ ಬಾಡಿಗೆ.

‘ಎಂಬತ್ತಾ?’ ಎಂದರು ಅತ್ತೆ. ‘ಅಷ್ಟು ದುಡ್ಗೆ ನಾ ಎಲ್ಡು ಹಾಸು ಹಾಕ್ತೀನಲ್ಲಾ ಕೂಸು. ನೀ ಏನು ರೇಷ್ಮೆ ಹಾಕೀಯ?’

‘ರೇಷ್ಮೆ ಹಾಕಾಕಿಲ್ಲ ಅಜ್ಜಿ, ನನ್ ನಿದ್ದೆ ಹಾಕ್ತೀನಿ’ ಎಂದಳು ಹುಡುಗಿ.

ಅತ್ತೆಗೆ ಆ ಉತ್ತರ ಹಿಡಿಸಿತು ಎಂದು ಅವರು ಸೆರಗು ಸರಿಮಾಡಿಕೊಂಡ ರೀತಿಯಲ್ಲೇ ಗೊತ್ತಾಯಿತು. ಆದರೂ ಚೌಕಾಸಿ ಬಿಡಲಿಲ್ಲ. ಅರ್ಧಕ್ಕೆ ಕೇಳಿದರು, ಎದ್ದು ನಿಂತರು, ಮತ್ತೆ ಕೂತರು. ಹುಡುಗಿ ನಗುತ್ತಲೇ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಕೊನೆಗೆ ಅತ್ತೆ, ‘ಆಯ್ತು, ರೇಟಿನ ಮಾತು ಬ್ಯಾಡ. ಕೊಸರು ಏನ್ ಕೊಟ್ಟೀಯ?’ ಎಂದರು.

ನಮ್ಮ ಪಡಸಾಲೆಯಲ್ಲಿ ಕೊಸರಿಲ್ಲದೆ ಯಾವ ವ್ಯಾಪಾರವೂ ಮುಗಿದಿಲ್ಲ. ಧಾರೆ ಸೀರೆ ತೆಗೆದುಕೊಂಡವರಿಗೆ ಒಂದು ರವಿಕೆ ಕಣ, ಜೊತೆಗೆ ಬಂದ ಮಗುವಿಗೊಂದು ಕರವಸ್ತ್ರ. ಕೊಡದಿದ್ದರೆ ಊಟಕ್ಕೆ ಕೂರಿಸಿ ಮಜ್ಜಿಗೆ ಬಡಿಸದೆ ಎಬ್ಬಿಸಿದ ಹಾಗೆ. ಹುಡುಗಿಯೂ ಈ ಸೀಮೆಯವಳೇ ತಾನೆ, ಇಲ್ಲ ಎನ್ನಲಾರದೆ ಹೋದಳು. ಏನು ಬೇಕು ಹೇಳಿ, ಒಂದು ಹಾಕಿಕೊಡುತ್ತೇನೆ ಎಂದಳು. ಅತ್ತೆ ಯೋಚಿಸಿ, ಗಿರಾಕಿ ಬೆರಳು ಮುಟ್ಟಿದ ಕೂಡಲೇ ಗುಡಿಯ ಗಂಟೆ ಬಾರಿಸಬೇಕು ಎಂದರು.

ಅಲ್ಲಿಂದ ಶುರುವಾಯಿತು. ಗಂಟೆ ಬಾರಿಸಿದ ಮೇಲೆ ನಮ್ಮ ಮನೆಯ ಮುಂಬಾಗಿಲು ಚಿತ್ರದಲ್ಲಿ ನಿಧಾನವಾಗಿ ತೆರೆಯಬೇಕು ಎಂದು ಅತ್ತೆ ಮಾರನೆಯ ವಾರ ಫೋನಿನಲ್ಲಿ ಕೇಳಿದರು. ಮೊದಲು ಉದಾಸೀನವಾಗಿದ್ದ ಯಜಮಾನರಿಗೂ ಆಸೆ ಹುಟ್ಟಿತು. ಮಗ್ಗ ಆಡುವ ವಿಡಿಯೊ ತಾನಾಗಿ ಓಡಬೇಕು, ಲಾಳಿಯ ಸದ್ದು ಕೇಳಬೇಕು, ಪಕ್ಕದಲ್ಲಿ ಆ ದಿನದ ಚಿನ್ನದ ರೇಟು ಬರಬೇಕು ಎಂದರು. ನಾನೇನು ಕಡಿಮೆಯಲ್ಲ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದ ಕೂಡುಬರಹದಂತೆ ಸೈಟಿನ ಇಂಗ್ಲಿಷ್ ಹೆಸರು ಬಳುಕಿಕೊಂಡು ಬರೆದುಕೊಳ್ಳಬೇಕು, ಪುಟ ಸರಿಸಿದಾಗಲೆಲ್ಲ ಮಲ್ಲಿಗೆ ಹೂವು ಉದುರಬೇಕು ಎಂದು ಕೇಳಿದೆ. ಲಗ್ನದ ಮುಹೂರ್ತಗಳ ಕ್ಯಾಲೆಂಡರು, ಉರಿಯುವ ಎರಡು ದೀಪ, ಎಲ್ಲವೂ ಕೊಸರು. ಪ್ರತಿ ಸಲವೂ ‘ಇದೊಂದು ಹಾಕ್ಬುಡು ಕೂಸು, ಇನ್ನು ಕೇಳಾಕಿಲ್ಲ’ ಎಂದು ಅತ್ತೆ ಹೇಳುವುದು, ಅವಳು ಒಪ್ಪುವುದು.

ಒಂದು ದಿನ ಮಾತ್ರ ಅವಳು ನನ್ನ ಹತ್ತಿರ, ‘ಅಕ್ಕ, ನಂಗೆ ಹಾಕೋದು ಕಷ್ಟ ಇಲ್ಲ. ಜನರ ಫೋನು ಇಷ್ಟೆಲ್ಲ ಹೊರಬೇಕಲ್ಲ’ ಎಂದಳು. ಕೊಸರು ಕೇಳಿ ಕೇಳಿ ಸಾಕಾಗಿ ಹೇಳುತ್ತಿದ್ದಾಳೆ ಎಂದುಕೊಂಡೆ. ವ್ಯಾಪಾರಸ್ಥರ ಮನೆಯಲ್ಲಿ ಎಲ್ಲವೂ ವ್ಯಾಪಾರದ ಮಾತಾಗಿಯೇ ಕೇಳಿಸುತ್ತದೆ.

ಒಂದು ಸೋಮವಾರ ಸೈಟು ಶುರು ಮಾಡಿದೆವು. ನಮ್ಮ ಸೀಮೆಯ ದೇವರು ಮಾದಪ್ಪನ ವಾರ. ಹೊಸ ಸೀರೆಯ ತುದಿಗೆ ಹಚ್ಚುವಂತೆಯೇ ಅತ್ತೆ ಲ್ಯಾಪ್‌ಟಾಪಿನ ಮೂಲೆಗೆ ಅರಿಶಿನ ಹಚ್ಚಿ, ಕಾಯಿ ಒಡೆಸಿದರು. ಬೀದಿಯ ಹೆಂಗಸರು ಪಡಸಾಲೆ ತುಂಬ ಸೇರಿದ್ದರು. ಗಂಟೆ ಬಾರಿಸಿತು, ನಮ್ಮ ಬಾಗಿಲು ತೆರೆಯಿತು, ದೀಪ ಉರಿಯಿತು, ಮಲ್ಲಿಗೆ ಉದುರಿತು, ಲಾಳಿ ಓಡಿತು. ಒಬ್ಬಾಕೆ, ‘ಏನಮ್ಮಿ, ಮದ್ವೆ ಮನೇನೇ ತಂದು ಮಡಗಿದ್ದೀರಲ್ಲ’ ಎಂದರು. ಮನೆಯ ವೈಫೈನಲ್ಲಿ ಎಲ್ಲವೂ ಸರಾಗವಾಗಿತ್ತು. ಆ ರಾತ್ರಿ ನಮ್ಮ ಮೂವರಿಗೂ ಹೊಟ್ಟೆ ತುಂಬಿದ ಹಾಗಿತ್ತು.

ಆಮೇಲೆ ಏನೂ ಆಗಲಿಲ್ಲ. ಬಂದು ಹೋದವರ ಸಂಖ್ಯೆಯನ್ನು ಸೈಟು ತೋರಿಸುತ್ತಿತ್ತು. ಜನ ಬರುತ್ತಿದ್ದರು, ಆದರೆ ಯಾರೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮೊದಮೊದಲು ಯಜಮಾನರು ಮಗ್ಗದಿಂದ ಎದ್ದು ಬಂದಾಗಲೆಲ್ಲ ‘ಏನಾದ್ರೂ ಬಂತಾ?’ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಕೇಳದೇ ಇದ್ದದ್ದೇ ನನಗೆ ಹೆಚ್ಚು ಭಾರವಾಯಿತು. ಈ ನಡುವೆ ಯಳಂದೂರಿನ ಹುಡುಗಿ, ವಿಡಿಯೊ ಮತ್ತು ದೊಡ್ಡ ದೊಡ್ಡ ಚಿತ್ರಗಳಿಂದ ಜಾಗ ತುಂಬಿಹೋಗಿದೆ, ಇನ್ನೂ ದೊಡ್ಡ ಜಾಗಕ್ಕೆ ಬಾಡಿಗೆ ಹೆಚ್ಚು ಕಟ್ಟಬೇಕು ಎಂದು ತಿಳಿಸಿದಳು. ಕಟ್ಟಿದೆ. ಲಗ್ನದ ದಿನಗಳು ಒಂದೊಂದಾಗಿ ಹೋಗುತ್ತಿದ್ದವು. ಏಜೆಂಟರು ಫೋನು ಮಾಡಿದರೆ ಯಜಮಾನರು ಹಿತ್ತಲಿಗೆ ಹೋಗಿ ಮಾತಾಡಿ ಬರುತ್ತಿದ್ದರು.

ಆಗ ಹನೂರಿನಿಂದ ಮಾದೇಶ್ವರನ ಬೆಟ್ಟದ ದಾರಿಯಲ್ಲಿರುವ ಹಳ್ಳಿಯೊಂದರಲ್ಲಿ ನಮ್ಮವರ ದೂರದ ನೆಂಟರ ಮಗಳ ನಿಶ್ಚಿತಾರ್ಥವಿತ್ತು. ಯಜಮಾನರಿಗೆ ಮಗ್ಗ ಬಿಡಲಾಗದೆ ನಾನೊಬ್ಬಳೇ ಹೋದೆ. ಊಟವಾದ ಮೇಲೆ ಹೆಂಗಸರೆಲ್ಲ ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಮಾತು ಧಾರೆ ಸೀರೆಗೆ ಬಂತು. ಹುಡುಗಿಯ ತಾಯಿ, ನಿಮ್ಮಲ್ಲೇ ತೆಗೆಯಬೇಕೆಂದು ಎಷ್ಟು ದಿನದಿಂದ ಫೋನಿನಲ್ಲಿ ನೋಡಲು ಒದ್ದಾಡುತ್ತಿದ್ದೇವೆ ಎಂದರು. ನಾನು, ಏನಾಯಿತು ಎಂದು ಕೇಳಿದೆ. ಅವರು ಸುತ್ತ ಕೂತವರ ಮುಖ ನೋಡಿದರು. ಆಗಲೇ ಎಲ್ಲರ ಬಾಯಲ್ಲೂ ನಗು ಕಟ್ಟಿಕೊಂಡಿತ್ತು.

‘ನಿಮ್ಮಂಗಡಿ ಗಂಟೆ ಹೊಡಿತದೆ ಕಣಕ್ಕ, ಬಾಗಿಲೇ ತಗೆಯಾಕಿಲ್ಲ’ ಎಂದರು.

ಚಾವಡಿಯೆಲ್ಲ ನಕ್ಕಿತು. ತೋರಿಸಿ ಎಂದು ಫೋನು ಇಸಿದುಕೊಂಡೆ. ನೆಟ್‌ವರ್ಕು ಸಿಗುವುದು ನೀರಿನ ತೊಟ್ಟಿಯ ಹತ್ತಿರ ಮಾತ್ರ ಎಂದು ಅಲ್ಲಿಗೆ ಕರೆದುಕೊಂಡು ಹೋದರು. ಮುಟ್ಟಿದೆ. ಗಂಟೆ ಬಾರಿಸಿತು. ತೊಟ್ಟಿಯ ಪಕ್ಕ ಪಾತ್ರೆ ತೊಳೆಯುತ್ತಿದ್ದ ಮುದುಕಿಯೊಬ್ಬರು ಒದ್ದೆ ಕೈಯಲ್ಲೇ ಫೋನಿಗೆ ಕೈಮುಗಿದರು. ನಮ್ಮ ಮನೆಯ ಬಾಗಿಲು ಬೆರಳಷ್ಟು ತೆರೆದು ನಿಂತಿತು. ನಿಂತೇ ಇತ್ತು. ಬಹಳ ಹೊತ್ತಿನ ಮೇಲೆ ಬಾಗಿಲು ಹೋಗಿ ಬಿಳಿ ಪುಟ ಬಂತು. ಸೀರೆ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಆ ಖಾಲಿಯ ಮೇಲೆ ನನ್ನ ಮಲ್ಲಿಗೆ ಮಾತ್ರ ಒಂದೊಂದಾಗಿ ಉದುರುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬೇಸರಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಕಣ್ಣೆದುರಿಗೇ ಇದ್ದ ಒಂದು ವಿಷಯ ತಲೆಯಲ್ಲಿ ತಿರುಗುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಎಂದೂ ಬೀರನ್ನು ಪೂರ್ತಿ ಬಿಚ್ಚಿದವರಲ್ಲ. ಮೊದಲಿಗೆ ಮೂರೇ ಸೀರೆ. ಒಂದು ಗಿರಾಕಿ ಕೇಳಿದ್ದು, ಒಂದು ಅದರ ಅಕ್ಕಪಕ್ಕದ್ದು, ಇನ್ನೊಂದು ಅವರಿಗೆ ಕೇಳಲು ಹೊಳೆಯದೇ ಇದ್ದದ್ದು. ನಾಲ್ಕನೆಯದು ಬಿಚ್ಚಿದರೆ ಕಣ್ಣು ದಣಿಯುತ್ತದೆ ಎನ್ನುತ್ತಿದ್ದರು. ಒಂದನ್ನು ಮಡಿಸಿಟ್ಟ ಮೇಲೆಯೇ ಇನ್ನೊಂದು. ನಾನು ಇಷ್ಟು ವರ್ಷ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತು ಇದನ್ನೇ ನೋಡಿದ್ದೆ. ಮೂವರೂ ಸೇರಿ ಕಟ್ಟಿಸಿದ ಅಂಗಡಿಯಲ್ಲಿ ಮಾತ್ರ ಇಡೀ ಬೀರನ್ನು ಗಿರಾಕಿಯ ತಲೆಯ ಮೇಲೆ ಸುರಿದಿದ್ದೆವು, ಗಂಟೆ ದೀಪಗಳ ಸಮೇತ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಹಳ್ಳಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಮುದುಕಿ ಕೈಮುಗಿದದ್ದು ಕೇಳಿ ಅವರಿಗೆ ಸಮಾಧಾನವೇ ಆಯಿತು.

‘ಗಂಟೆ ತೆಗೀಬೇಕು ಅತ್ತೆ’ ಎಂದೆ.

‘ದೇವ್ರ ಗಂಟೆ ಕಣಮ್ಮಿ ಅದು.’

‘ದೇವ್ರಿಗೆ ಮನೇಲೇ ಬಾರಿಸೋಣ.’

ಅವರು ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. ‘ಬಾಗ್ಲೂ ತಗೀಬೇಕಾ?’

‘ಬಾಗ್ಲು, ದೀಪ, ವಿಡಿಯೊ, ಚಿನ್ನದ ರೇಟು.’

‘ನಿನ್ ಮಲ್ಲಿಗೆ?’

‘ಅದೇ ಮೊದಲು.’

‘ಅಂಗಾರೆ ಉಳಿಯೋದೇನು?’

‘ಸೀರೆ ಅತ್ತೆ.’

ಅತ್ತೆ ಸಿಪ್ಪೆಯ ರಾಶಿಯಲ್ಲಿ ತಪ್ಪಿ ಬಿದ್ದಿದ್ದ ಒಂದು ಕಾಳು ಹುಡುಕಿ ಪಾತ್ರೆಗೆ ಹಾಕಿದರು. ಆಮೇಲೆ ಅವರು ಕೇಳಿದ್ದು ನನಗೆ ಅರ್ಥವಾಗುವಂಥದ್ದೇ. ಬೀದಿಯವರೆಲ್ಲ ನೋಡಿ ಮೆಚ್ಚಿದ್ದಾರೆ. ಇನ್ನು ಅದನ್ನೆಲ್ಲ ತೆಗೆದು ಬೋಳು ಮಾಡಿದರೆ, ಅಷ್ಟು ದುಡ್ಡು ಸುರಿದು ಇಷ್ಟೇನಾ ಎಂದು ಆಡಿಕೊಳ್ಳುವುದಿಲ್ಲವೇ ಎಂದರು. ಆ ದುಡ್ಡು ನನ್ನದು ಎಂಬುದು ಅವರ ಮನಸ್ಸಿನಲ್ಲಿ ನನಗಿಂತ ಹೆಚ್ಚಾಗಿ ಇತ್ತು.

‘ಬೀರು ತುಂಬ ಇದ್ರೂ ನೀವು ಮೂರೇ ತಾನೇ ಬಿಚ್ಚೋದು ಅತ್ತೆ?’ ಎಂದೆ. ‘ಯಾರಾದ್ರೂ ಒಂದು ದಿನ, ಈ ಮನೇಲಿ ಮೂರೇ ಸೀರೆ ಇರೋದು ಅಂದಿದ್ದಾರಾ?’

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಯಾವ ಸೀರೆ ಒಪ್ಪುತ್ತದೆಂದು ತಿಳಿಯಲು ಅವರು ಗಿರಾಕಿಯ ಕೈಯ ಬಣ್ಣ ನೋಡುವಾಗ ಹೀಗೆ ನೋಡುವುದನ್ನು ಕಂಡಿದ್ದೆ. ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಕೈ ಒರೆಸಿಕೊಂಡು, ‘ಇಂಜಿನಿಯರಮ್ಮಂಗೆ ಫೋನ್ ಮಾಡು’ ಎಂದರು.

ತೆಗೆಯುವುದಕ್ಕೂ ದುಡ್ಡಾಗುತ್ತದೆ ಎಂದಳು ಯಳಂದೂರಿನ ಹುಡುಗಿ. ಅತ್ತೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ‘ಹಾಕ್ಸಿದ್ದು ಪುಕ್ಕಟೆ, ತಗ್ಸೋದ್ಕೆ ಕಾಸಾ? ಇದ್ಯಾವ ನ್ಯಾಯ ಕೂಸು?’ ಎಂದರು. ಅವಳು, ಒಂದರೊಳಗೊಂದು ಹೆಣೆದುಕೊಂಡಿದೆ, ನೇಯ್ದದ್ದನ್ನು ಎಳೆ ಕಡಿಯದಂತೆ ಬಿಚ್ಚಿ ಮತ್ತೆ ನೇಯುವಷ್ಟೇ ಕೆಲಸ ಎಂದು ವಿವರಿಸಿದಳು. ಮಗ್ಗದ ಕೋಣೆಯಿಂದ ಯಜಮಾನರು, ‘ಸರ್ಯಾಗೇ ಹೇಳ್ತಾವ್ಳೆ ಕಣವ್ವ’ ಎಂದು ಕೂಗಿದರು. ನೇಯುವ ಮನೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಪೋಸ್ಟಾಫೀಸಿನಲ್ಲಿ ಉಳಿದದ್ದನ್ನೂ ತೆಗೆದೆ. ಒಟ್ಟು ಖರ್ಚು ಲಕ್ಷ ದಾಟಿತು.

ಹೊಸ ಸೈಟಿನಲ್ಲಿ ತೆರೆದ ಕೂಡಲೇ ಮೂರು ಸೀರೆ. ಬೆರಳು ಸರಿಸಿದರೆ ಆ ಮೂರು ಹೋಗಿ ಇನ್ನು ಮೂರು. ಮೂರರಲ್ಲಿ ಯಾವುದು ಯಾವುದರ ಪಕ್ಕ ಬರಬೇಕೆಂದು ಅತ್ತೆ ಹಾಸಿಗೆಯ ಮೇಲೆ ನನ್ನಿಂದ ಹರಡಿಸಿ ಗೊತ್ತು ಮಾಡಿದರು. ಹಳೆಯ ಫೋಟೊಗಳಲ್ಲಿ ಸ್ಟುಡಿಯೋ ದೀಪಕ್ಕೆ ಬಣ್ಣ ಬೆಳ್ಳಗಾಗಿತ್ತು. ಬೆಳಗಿನ ಬಿಸಿಲು ಹಿತ್ತಲ ಗೋಡೆಗೆ ಬಿದ್ದು ಇನ್ನೂ ಖಾರವಾಗುವ ಮೊದಲು ನಾನೇ ಮತ್ತೆ ತೆಗೆದೆ. ಚಿತ್ರಗಳು ಚಿಕ್ಕವು, ಬೇಗ ಬರುತ್ತವೆ. ಬೇಕೆಂದವರು ಮುಟ್ಟಿದರೆ ಮಾತ್ರ ಅಂಚು ದೊಡ್ಡದಾಗಿ ಕಾಣುತ್ತದೆ. ಬುಟ್ಟಿ, ದುಡ್ಡು ಕಟ್ಟುವ ಜಾಗ, ಕನ್ನಡ, ತಮಿಳು ಎಲ್ಲ ಒಳಗಿವೆ. ಕೇಳಿದಾಗ ಎದ್ದು ಬರುತ್ತವೆ. ಅಡಿಯಲ್ಲಿ ಒಂದು ಗುಂಡಿ: ಅಜ್ಜಿಯ ಜೊತೆ ಮಾತಾಡಿ. ಮೊದಲಿನ ಸೈಟಿನಲ್ಲೂ ಇದಕ್ಕೆ ದುಡ್ಡು ಕೊಟ್ಟಿದ್ದೆವು, ಆದರೆ ಮಲ್ಲಿಗೆಯ ಕೆಳಗೆ ಅದು ಯಾರಿಗೂ ಕಂಡಿರಲಿಲ್ಲ. ಸಿಗ್ನಲ್ಲು ಸಾಲದಿದ್ದರೆ ವಿಡಿಯೊ ನಿಂತು ಮಾತು ಮಾತ್ರ ನಡೆಯುವಂತೆ ಈಗ ಹುಡುಗಿ ಮಾಡಿಕೊಟ್ಟಿದ್ದಳು.

ಹನೂರಿನ ಆಚೆಯ ಆ ನೆಂಟರಿಗೇ ಮೊದಲು ಫೋನು ಮಾಡಿ, ಈಗ ನೋಡಿ ಎಂದೆ. ಸಂಜೆಯ ಹೊತ್ತಿಗೆ ಕರೆ ಬಂತು. ಅತ್ತೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಫೋನಿನೊಳಗಿನ ಗಿರಾಕಿಗೆ ಮೇಲೂ ಇಲ್ಲ ಕೆಳಗೂ ಇಲ್ಲ, ಕುರ್ಚಿಗೆ ಅವರ ಆಕ್ಷೇಪಣೆ ಉಳಿದಿರಲಿಲ್ಲ. ನಾನು ಸ್ಟೂಲಿನ ಮೇಲೆ ಡಬ್ಬಿಯೊಂದನ್ನಿಟ್ಟು ಅದಕ್ಕೆ ಫೋನು ಒರಗಿಸಿ, ಸೀರೆ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ನೀರಿನ ತೊಟ್ಟಿಯ ಹತ್ತಿರ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಾಗಿ ನಿಂತದ್ದು ಕಾಣುತ್ತಿತ್ತು.

‘ಉಡ್ಗಿ ಕೈ ತೋರ್ಸವ್ವ’ ಎಂದರು ಅತ್ತೆ. ಅವರು ಹುಡುಗಿಯ ಮುಖವನ್ನು ಮುಂದೆ ತಂದರು. ‘ಮುಕ ಬ್ಯಾಡ, ಪೌಡರ್ ಬಳ್ದಿರ್ತೀರಿ. ಮುಂಗೈ ತೋರ್ಸು.’

ಆ ಕಡೆ ನಗೆ ಎದ್ದಿತು. ಒಂದು ತೆಳ್ಳನೆಯ ಕೈ ಪರದೆಗೆ ಬಂತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ನನಗೆ ಬೀರಿನ ಎರಡನೆಯ ಖಾನೆಯಲ್ಲಿದ್ದ ಹಸಿರು ಸೀರೆ ತೆಗೆಯಲು ಹೇಳಿದರು. ನೆಂಟರು ಕೇಳಿದ್ದು ಕೆಂಪು. ವಿಡಿಯೊ ನಿಂತಿತು, ಮಾತು ನಿಲ್ಲಲಿಲ್ಲ. ಅತ್ತೆ ಅಂಚನ್ನು ಬೆರಳಿನಿಂದ ಸವರುತ್ತಾ, ಕಾಣದವರಿಗೂ ಕಾಣುವ ಹಾಗೆ ಅದರ ಬಣ್ಣ ಹೇಳಿದರು. ಚೌಕಾಸಿಯೂ ಆಯಿತು, ರವಿಕೆ ಕಣವೂ ಆಯಿತು. ಹುಡುಗಿಯ ತಾಯಿ, ‘ಕೆಂಪೂ ಇರ್ಲಿ ಕಣವ್ವ, ಅಸರೂ ಇರ್ಲಿ’ ಎಂದರು. ದುಡ್ಡು ಬಂದ ಮೆಸೇಜನ್ನು ಮಗ್ಗದ ಕೋಣೆಗೆ ಒಯ್ದು ತೋರಿಸಿದೆ. ಯಜಮಾನರು ಲಾಳಿ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ‘ಮಾರಾಯ್ತಿ’ ಎಂದಷ್ಟೇ ಹೇಳಿದರು. ಸೀರೆಗಳ ತುದಿಗೆ ಅರಿಶಿನ ಹಚ್ಚಿ ಕಳಿಸಿದೆವು.

ಆಮೇಲೆ ಒಂದಾದ ಮೇಲೊಂದು ಬಂದವು. ಗೋಪಿನಾಥಂ ಕಡೆಯವರೊಬ್ಬರು ಸಿಗ್ನಲ್ಲಿಗಾಗಿ ದಿಬ್ಬ ಹತ್ತಿ ಮಾತಾಡಿದರು. ಅವರ ತಮಿಳಿಗೆ ಅತ್ತೆ ತಮ್ಮ ಹರಕು ತಮಿಳಿನಲ್ಲಿ ಉತ್ತರ ಕೊಟ್ಟರು, ಅವರು ಪಾಪ ಕನ್ನಡಕ್ಕೆ ತಿರುಗಿದರು. ಯಳಂದೂರಿನ ಹುಡುಗಿ ತನ್ನ ತಂಗಿಯ ಮದುವೆಗೂ ನಮ್ಮಲ್ಲೇ ಸೀರೆ ತೆಗೆದುಕೊಂಡಳು. ಬೀರಿನ ಒಂದು ಖಾನೆ ಖಾಲಿಯಾಗಿ, ಅದರ ತಳಕ್ಕೆ ಹಾಸಿದ್ದ ಹಳೆಯ ಪೇಪರು ಕಾಣತೊಡಗಿತು. ಎಷ್ಟು ವರ್ಷವಾಗಿತ್ತೋ ಅದನ್ನು ನೋಡಿ.

ಲಗ್ನದ ಕಾಲ ಮುಗಿಯುತ್ತ ಬಂದಾಗ ಏಜೆಂಟರು ಬಂದರು. ಅತ್ತೆ ಕುರ್ಚಿಯಲ್ಲಿ ಕೂತು ಯಾರಿಗೋ ಸೆರಗು ತೋರಿಸುತ್ತಿದ್ದರು, ಏಳಲಿಲ್ಲ. ಏಜೆಂಟರು ತಂದ ಬಣ್ಣದ ನೂಲಿನ ಮಾದರಿಗಳನ್ನು ಯಜಮಾನರು ಮರ್ಯಾದೆಯಿಂದ ಕೈಗೆ ತೆಗೆದುಕೊಂಡು ನೋಡಿ, ಹಾಗೇ ಹಿಂದಕ್ಕೆ ಕೊಟ್ಟರು.

‘ಬ್ಯಾಡ ಸಾ. ನಮ್ಮ ಹಾಸು ನಾವೇ ಹಾಕ್ಕಂತೀವಿ’ ಎಂದರು.

ಏಜೆಂಟರು ಒತ್ತಾಯ ಮಾಡಲಿಲ್ಲ. ಕಾಫಿ ಕುಡಿದು, ಪರದೆಯ ಕಡೆ ಒಮ್ಮೆ ಕುತೂಹಲದಿಂದ ಬಗ್ಗಿ ನೋಡಿ ಹೋದರು. ಅವರು ಹೋದ ಮೇಲೆ ಯಜಮಾನರು ಬಾಗಿಲಲ್ಲೇ ನಿಂತು, ಬಣ್ಣ ಹಾಕುವವರು ಕೇಳುತ್ತಿದ್ದಾರೆ, ಮುಂದಿನ ಹಾಸಿನ ನೂಲಿಗೆ ಯಾವ ಬಣ್ಣ ಹೇಳಲಿ ಎಂದು ತಾಯಿಯನ್ನು ಕೇಳಿದರು. ಅತ್ತೆ ಫೋನಿನಿಂದ ಕಣ್ಣು ತೆಗೆಯದೆಯೇ, ‘ಅವಳ್ನ ಕೇಳು. ಜನ ಏನ್ ಕೇಳ್ತಾವ್ರೆ ಅಂತ ಅವಳ್ಗೆ ಗೊತ್ತು’ ಎಂದರು.

ನನಗೆ ಆ ಕ್ಷಣ ಶಾಲೆಯಲ್ಲಿ ಹೆಸರು ಕರೆದಾಗ ಎದ್ದು ನಿಂತಂತೆ ಆಯಿತು. ಹಸಿ ಅರಿಶಿನದ ಕೊಂಬು ಮುರಿದಾಗ ಒಳಗೆ ಕಾಣುವ ಬಣ್ಣ ಎಂದೆ. ಯಜಮಾನರು ತಾಯಿಯ ಕಡೆ ನೋಡಿದರು. ಅವರು ಬೇಡ ಎನ್ನಲಿಲ್ಲ. ಅಂಚು ನೀವು ಹೇಳಿ ಅತ್ತೆ ಎಂದೆ. ಅವರು ಕಣ್ಣು ಮುಚ್ಚಿಕೊಂಡು, ಬದನೆಕಾಯಿ ಬಣ್ಣ ಎಂದರು.

ಬಣ್ಣ ಹಾಕಿದ ನೂಲು ಬಂದಾಗ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಿತ್ತಲಿನ ಬಿದಿರಿನ ಗಳಕ್ಕೆ ಲಡಿಗಳನ್ನು ತೂಗು ಹಾಕಿದೆ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಒಂದು ಲಡಿಯನ್ನು ಬಿಸಿಲಿಗೆ ತಿರುಗಿಸಿ ನೋಡಿದರು.

‘ವಸಿ ಕೆಂಪಾಯ್ತೇನಮ್ಮಿ?’ ಎಂದರು.

‘ಒಣಗಿದ ಮೇಲೆ ಸರಿಹೋಗತ್ತೆ ಅತ್ತೆ.’

ಅವರು ಲಡಿಯನ್ನು ಮತ್ತೆ ಗಳಕ್ಕೆ ಹಾಕಿ, ಅದು ಒಣಗುವವರೆಗೂ ಕಾಯಲು ನನ್ನ ಕೈಯಲ್ಲಿ ಅಲ್ಲಿಗೇ ಒಂದು ಕುರ್ಚಿ ತರಿಸಿಕೊಂಡರು.